ಕನ್ನಡ ಪತ್ರಿಕೆಯ ವೆಬ್‌ಸೈಟ್ ಓದಲು ಕಷ್ಟವಾಗುತ್ತಿದ್ದರೆ: ದೋಷ ಹುಡುಕುವ ಕ್ರಮ

‘ಸೈಟ್ ಯಾಕೋ ಓದಕ್ಕಾಗಲ್ಲ’, ‘ಕಣ್ಣು ನೋಯುತ್ತೆ’, ‘ಎಲ್ಲಿ ಏನಿದೆ ಅಂತ ಗೊತ್ತಾಗಲ್ಲ’. ಓದುಗರಿಂದ ಬರುವ ದೂರು ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಇದನ್ನು ಕೇಳಿದ ಕೂಡಲೇ ಹೊಸ ಥೀಮ್ (ತಾಣದ ಸಿದ್ಧ ವಿನ್ಯಾಸ) ಕೊಂಡು ಮುಖಪುಟವನ್ನೇ ಬದಲಿಸುವುದು ರೂಢಿ. ಆರು ತಿಂಗಳಾದ ಮೇಲೆ ಅದೇ ದೂರು ಮತ್ತೆ ಬರುತ್ತದೆ, ಏಕೆಂದರೆ ತೊಂದರೆ ಇದ್ದದ್ದು ಮುಖಪುಟದಲ್ಲಲ್ಲ. ಕನ್ನಡ ಸಾಹಿತ್ಯ ಪತ್ರಿಕೆಗಳ ತಾಣಗಳಲ್ಲಿ ‘ವಿನ್ಯಾಸ ಸರಿಯಿಲ್ಲ’ ಎನಿಸುವುದರ ದೊಡ್ಡ ಪಾಲು ಅಕ್ಷರ ಮತ್ತು ಸಾಲಿನ ಮಟ್ಟದ ದೋಷ. ಥೀಮ್ ಅನ್ನು ಇಂಗ್ಲಿಷ್ ಪಠ್ಯ ಇಟ್ಟುಕೊಂಡು ಅಳೆದಿರುತ್ತಾರೆ. ಅದೇ ಅಳತೆಯೊಳಗೆ ಒತ್ತಕ್ಷರ, ಉದ್ದನೆಯ ಸಮಾಸಪದ, ಅರ್ಕಾವತ್ತು ಎಲ್ಲವನ್ನೂ ತುಂಬಿಸಿದಾಗ ಎಡವಟ್ಟಾಗುತ್ತದೆ. ಆದ್ದರಿಂದ ಪರೀಕ್ಷೆ ಅಕ್ಷರದಿಂದ ಶುರುವಾಗಲಿ: ಮೊದಲು ಅಕ್ಷರ, ಆಮೇಲೆ ಫಾಂಟ್, ಸಾಲು, ಪುಟ, ಕೊನೆಗೆ ದಾರಿ ಹುಡುಕುವಿಕೆ ಮತ್ತು ವೇಗ. ಮೊದಲಿನ ಹಂತದ ದೋಷ ಉಳಿದಿದ್ದರೆ ಮುಂದಿನ ಹಂತದಲ್ಲಿ ಮಾಡಿದ ಕೆಲಸವೆಲ್ಲ ವ್ಯರ್ಥ.

ಶುರು ಮಾಡುವ ಮುನ್ನ

ಬೇಕಾದದ್ದು: 360 ಪಿಕ್ಸೆಲ್ ಅಗಲದ ಪರದೆಯ ಸಾಧಾರಣ ಬೆಲೆಯ ಆಂಡ್ರಾಯ್ಡ್ ಫೋನ್, ವಿಂಡೋಸ್ ಕಂಪ್ಯೂಟರ್, ಸಾಧ್ಯವಾದರೆ ಒಂದು ಐಫೋನ್. ಮೂರೂ ಏಕೆಂದರೆ, ಮೂರರಲ್ಲೂ ಇರುವ ಕನ್ನಡ ಫಾಂಟ್ ಬೇರೆ ಬೇರೆ. ಕಚೇರಿಯ ಕಂಪ್ಯೂಟರಿನಲ್ಲಿ ಸಂಪಾದಕರಿಗೆ ಚೆಂದ ಕಾಣುವ ಪುಟವೇ ಬಸ್ಸಿನಲ್ಲಿ ಕುಳಿತ ಓದುಗರಿಗೆ ಬೇರೆಯಾಗಿ ಕಾಣುತ್ತಿರಬಹುದು.

ಪರೀಕ್ಷೆಗೆ ಏಳು ಪುಟ ಆರಿಸಿ: ಮುಖಪುಟ, ಒಂದು ದೀರ್ಘ ಪ್ರಬಂಧ, ಒಂದು ಕವಿತೆ, ಧಾರಾವಾಹಿಯ ನಡುವಿನ ಕಂತು, ಒಂದು ವಿಭಾಗದ ಪಟ್ಟಿ, ಹುಡುಕಾಟದ ಫಲಿತಾಂಶ, ಮತ್ತು ನಿಮ್ಮ ಭಂಡಾರದಲ್ಲಿರುವ ಅತಿ ಹಳೆಯ ಲೇಖನ. ಈ ಕೊನೆಯದನ್ನು ಬಿಡಬೇಡಿ. ಯೂನಿಕೋಡ್‌ಗೆ (ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿ) ಪರಿವರ್ತಿಸುವಾಗ ಆದ ತಪ್ಪುಗಳು ಅಲ್ಲಿಯೇ ಅಡಗಿರುತ್ತವೆ.

ಜತೆಗೆ ಒಂದು ಪರೀಕ್ಷಾ ಸಾಲು. ಇದನ್ನು ಕರಡು ಲೇಖನವೊಂದರ ಶೀರ್ಷಿಕೆ, ಪಠ್ಯ, ಚಿತ್ರದ ಅಡಿಬರಹ ಮತ್ತು ಉಲ್ಲೇಖ, ಈ ನಾಲ್ಕೂ ಕಡೆ ಹಾಕಿ:

ರಾಷ್ಟ್ರೀಯ ಸ್ವಾತಂತ್ರ್ಯ, ಸ್ತ್ರೀ ವೈಶಿಷ್ಟ್ಯ, ಸಾಫ್ಟ್‌ವೇರ್, ರ‍್ಯಾಂಕ್, ಸರ್ಕಾರ, ಕೃತಿ, ಜ್ಞಾನ, ₹1,250

ಎರಡು ಒತ್ತುಗಳು ಒಂದರ ಕೆಳಗೊಂದು ಕೂರುವ ಅಕ್ಷರ, ಅರ್ಕಾವತ್ತು, ಅರ್ಕಾವತ್ತು ಬೇಡದ ರಕಾರ, ಕೂಡಬಾರದ ಅರ್ಧಾಕ್ಷರ, ರೂಪಾಯಿ ಚಿಹ್ನೆ, ಅಂಕಿ: ದೋಷ ಬರುವ ಜಾಗಗಳೆಲ್ಲ ಈ ಒಂದು ಸಾಲಿನಲ್ಲಿವೆ.

ಅಕ್ಷರವೇ ಕೆಟ್ಟಿದ್ದರೆ

ಲಕ್ಷಣ ನೋಡಿಯೇ ಕಾರಣ ಊಹಿಸಬಹುದು. ಆದರೆ ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಪಠ್ಯವೇ ನಾಶವಾದೀತು. ಏನನ್ನೇ ಮುಟ್ಟುವ ಮೊದಲು ಡೇಟಾಬೇಸಿನ (ಲೇಖನಗಳೆಲ್ಲ ಉಳಿದಿರುವ ಭಂಡಾರ) ಪೂರ್ತಿ ಬ್ಯಾಕಪ್ ತೆಗೆದಿಡಿ.

ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿದ್ದರೆ ಮೊದಲು ಡೇಟಾಬೇಸ್ ತೆರೆದು ಆ ಲೇಖನದ ಸಾಲನ್ನು ನೋಡಿ. ಅಲ್ಲಿಯೂ ಪ್ರಶ್ನಾರ್ಥಕಗಳೇ ಇದ್ದರೆ ಅಕ್ಷರಗಳು ಉಳಿಸುವಾಗಲೇ ಹೋಗಿವೆ. ಡೇಟಾಬೇಸಿನ ಟೇಬಲ್ ಲ್ಯಾಟಿನ್-1, ಅಂದರೆ ಕನ್ನಡ ಹಿಡಿಯದ ರೋಮನ್ ಅಕ್ಷರಗಳ ಮಾದರಿಯಲ್ಲಿ ಇದ್ದಿರುತ್ತದೆ. ಇದಕ್ಕೆ ತಿದ್ದುಪಡಿ ಇಲ್ಲ, ಹಳೆಯ ಬ್ಯಾಕಪ್ ಅಥವಾ ಮೂಲ ಹಸ್ತಪ್ರತಿಯೇ ಗತಿ. ಪ್ರಶ್ನಾರ್ಥಕದ ಬದಲು ಒಂದೊಂದು ಕನ್ನಡ ಅಕ್ಷರಕ್ಕೆ ಮೂರು ಮೂರು ವಿಚಿತ್ರ ಚಿಹ್ನೆ ಕಾಣುತ್ತಿದ್ದರೆ ಸಮಾಧಾನ ಪಡಿ. ಯೂನಿಕೋಡ್ ಪಠ್ಯವನ್ನು ಉಳಿಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಆ ಮೂರನ್ನೂ ಬಿಡಿ ಅಕ್ಷರವೆಂದು ತಪ್ಪಾಗಿ ಓದಲಾಗುತ್ತಿದೆ, ಅಷ್ಟೆ. ಪಠ್ಯ ಸಾಮಾನ್ಯವಾಗಿ ಸುರಕ್ಷಿತವಾಗಿರುತ್ತದೆ. ಡೇಟಾಬೇಸ್ ಸಂಪರ್ಕದ ಮತ್ತು ಪುಟದ ಎನ್‌ಕೋಡಿಂಗ್ ಘೋಷಣೆಯನ್ನು ಮೊದಲು ಸರಿಪಡಿಸಿ ನೋಡಿ.

ಇಂಗ್ಲಿಷ್ ಅಕ್ಷರಗಳ ಮೇಲೆ ಗೀಟು, ಚುಕ್ಕಿ, ಟೋಪಿ ಇರುವ ಪಠ್ಯ ಕಂಡರೆ ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಚಿತ್ರ ಹೊಂದಿಸಿದ ಫಾಂಟ್) ಟೈಪ್ ಮಾಡಿದ್ದು. ಮುದ್ರಣಕ್ಕೆ ಪುಟ ಕಟ್ಟಿದ ಕಡತದಿಂದ ನೇರವಾಗಿ ನಕಲು ಮಾಡಿ ಅಂಟಿಸಿದಾಗ ಹೀಗಾಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಆದರೆ ಪರಿವರ್ತಕದ ಮೇಲೆ ಪೂರ್ತಿ ಭರವಸೆ ಇಡಬೇಡಿ. ಆಸ್ಕಿ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಒತ್ತುತ್ತಾರೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ‘ರ್’ ಮೊದಲು ಬರಬೇಕು. ‘ಸರ್ಕಾರ’ದ ‘ರ್ಕಾ’ ಇದೆಯಲ್ಲ, ಅಲ್ಲಿ ಪರಿವರ್ತಕ ಈ ಹಿಂದುಮುಂದು ಮಾಡದಿದ್ದರೆ ಪದದ ನಡುವೆ ಅಡ್ಡಗೆರೆಯ ಡಿ ಆಕಾರದ ಒಂದು ಅನಾಥ ಚಿಹ್ನೆ ಉಳಿದುಬಿಡುತ್ತದೆ. ಹಳೆಯ ಲೇಖನಗಳಲ್ಲಿ ಆ ಚಿಹ್ನೆಯನ್ನು ಒಮ್ಮೆ ಹುಡುಕಿ ನೋಡಿ. ಸಿಕ್ಕಿದ ಪ್ರತಿ ಲೇಖನವನ್ನೂ ಮನುಷ್ಯರೇ ಒಮ್ಮೆ ಓದಬೇಕು, ಏಕೆಂದರೆ ಅರ್ಕಾವತ್ತು ತಪ್ಪಿದಲ್ಲಿ ಬೇರೆ ತಪ್ಪುಗಳೂ ಇದ್ದೇ ಇರುತ್ತವೆ.

ಚುಕ್ಕಿಗಳ ವೃತ್ತದ ಮೇಲೆ ಸ್ವರಚಿಹ್ನೆ ಕೂತಿದ್ದರೆ, ವ್ಯಂಜನದಿಂದ ಅದರ ಗುಣಿತ ಬೇರ್ಪಟ್ಟಿದೆ. ಮೂರು ಕಡೆ ನೋಡಿ. ಪರಿವರ್ತನೆಯಲ್ಲಿ ನಡುವೆ ಒಂದು ಖಾಲಿ ಜಾಗ ಸೇರಿರಬಹುದು. ಪಟ್ಟಿಯ ಸಾರಾಂಶ ಅಕ್ಷರದ ನಡುವೆ ತುಂಡಾಗಿರಬಹುದು. ಅಥವಾ ಥೀಮ್‌ನವರು ಲೇಖನದ ಮೊದಲ ಅಕ್ಷರವನ್ನು ದೊಡ್ಡದು ಮಾಡಲು ಹೋಗಿ ‘ಕ್ರಾಂತಿ’ಯ ಮೊದಲ ಸಂಕೇತವನ್ನು ಮಾತ್ರ ಪ್ರತ್ಯೇಕಿಸಿರಬಹುದು. ದೊಡ್ಡ ಮೊದಲಕ್ಷರದ ಅಲಂಕಾರವನ್ನು ಕನ್ನಡದಲ್ಲಿ ಕೈಬಿಡುವುದೇ ಒಳ್ಳೆಯದು. ಒತ್ತು ಕೆಳಕ್ಕೆ ಇಳಿಯುವುದರಿಂದ ಅದು ಬ್ರೌಸರಿನಿಂದ ಬ್ರೌಸರಿಗೆ ಬೇರೆ ಎತ್ತರದಲ್ಲಿ ನಿಲ್ಲುತ್ತದೆ.

ಇನ್ನೆರಡು ದೋಷಗಳು ಕಣ್ಣಿಗೆ ಅಷ್ಟು ಬೇಗ ಬೀಳುವುದಿಲ್ಲ, ಹಾಗಾಗಿ ವರ್ಷಗಟ್ಟಲೆ ಉಳಿದುಬಿಡುತ್ತವೆ.

ಒಂದು, ಕಾಣದ ಬೇರ್ಪಡಕದ ಲೋಪ. ‘ರಾಜ್‌ಕುಮಾರ್’ ಎಂದು ಬರೆದದ್ದು ಪುಟದಲ್ಲಿ ‘ರಾಜ್ಕುಮಾರ್’ ಆಗಿದ್ದರೆ, ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗಿದ್ದರೆ, ನಡುವಿದ್ದ ಅಗಲವಿಲ್ಲದ ಸಂಕೇತವನ್ನು ಯಾವುದೋ ಪ್ಲಗಿನ್ (ತಾಣಕ್ಕೆ ಸೇರಿಸಿದ ಪೂರಕ ತಂತ್ರಾಂಶ) ‘ಅನಗತ್ಯ ಚಿಹ್ನೆ’ ಎಂದು ಒರೆಸಿಹಾಕಿದೆ. ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುವುದೂ ಇದೇ ಬಗೆ, ಅಲ್ಲಿ ಹೋಗಿರುವುದು ಅಕ್ಷರ ಜೋಡಿಸುವ ಕಾಣದ ಸಂಕೇತ, ಅಂದರೆ ಜೋಡಕ. ಪರೀಕ್ಷಾ ಸಾಲನ್ನು ಉಳಿಸಿ ಮತ್ತೆ ತೆರೆಯಿರಿ. ಆಗಲೂ ಸರಿಯಿದ್ದರೆ ದೋಷ ಟೈಪ್ ಮಾಡಿದವರ ಕೀಲಿಮಣೆಯದ್ದು. ಉಳಿಸಿದ ಮೇಲೆ ಕೆಟ್ಟರೆ ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ಯಾವುದೆಂದು ಪತ್ತೆ ಮಾಡಿ.

ಎರಡು, ಸೊನ್ನೆಯ ಗೊಂದಲ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ನೋಡಲು ಒಂದೇ. ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಇದೆ. ತಾಣದ ಹುಡುಕಾಟದಲ್ಲಿ ‘ಬೆಂಗಳೂರು’ ಎಂದು ಕೇಳಿದವರಿಗೆ ಆ ಲೇಖನ ಸಿಗುವುದೇ ಇಲ್ಲ, ಧ್ವನಿಯಲ್ಲಿ ಓದಿಸಿಕೊಳ್ಳುವವರಿಗೆ ಪದದ ನಡುವೆ ‘ಸೊನ್ನೆ’ ಎಂದು ಕೇಳಿಸಬಹುದು. ಲೇಖನವನ್ನು ಟೆಕ್ಸ್ಟ್ ಎಡಿಟರಿಗೆ ಹಾಕಿ ಅಂಕಿ ಸೊನ್ನೆಯನ್ನು ಹುಡುಕಿ. ಒಟ್ಟಿಗೆ ತಿದ್ದುವುದಾದರೆ ನಿಯಮ ಹೀಗಿರಲಿ: ಕನ್ನಡ ಅಕ್ಷರ ಅಥವಾ ಸ್ವರಚಿಹ್ನೆಯ ಬೆನ್ನಿಗೇ ಬಂದ ಸೊನ್ನೆಯನ್ನು ಮಾತ್ರ ಅನುಸ್ವಾರ ಮಾಡಿ, ಅಂಕಿಯ ನಂತರ ಬಂದದ್ದನ್ನು ಮುಟ್ಟಬೇಡಿ. ಇಲ್ಲವಾದರೆ ‘೧೦’ ಹೋಗಿ ‘೧ಂ’ ಆಗುತ್ತದೆ. ಇದೇ ಹೊತ್ತಿನಲ್ಲಿ ಪಠ್ಯವನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ (ಒಂದೇ ಅಕ್ಷರ ಎಲ್ಲೆಡೆ ಒಂದೇ ಸಂಕೇತಕ್ರಮದಲ್ಲಿರುವ ಯೂನಿಕೋಡ್ ರೂಪ) ತನ್ನಿ. ‘ೋ’ ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿ ಚಿಹ್ನೆಗಳ ಸಾಲಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಬೇರೆ.

ಫಾಂಟ್: ನೀವು ಹೇಳಿದ್ದೇ ಬಂದಿದೆಯೇ?

ಕ್ರೋಮ್‌ನಲ್ಲಿ ಲೇಖನದ ಒಂದು ಸಾಲಿನ ಮೇಲೆ ಬಲಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿ. ‘ಕಂಪ್ಯೂಟೆಡ್’ ಫಲಕದ ತೀರಾ ಕೆಳಗೆ ‘ರೆಂಡರ್ಡ್ ಫಾಂಟ್ಸ್’ ಎಂದಿರುತ್ತದೆ. ಸಿಎಸ್‌ಎಸ್‌ನಲ್ಲಿ (ಪುಟದ ವಿನ್ಯಾಸ ಬರೆದಿಡುವ ಕಡತ) ಏನು ಬರೆದಿದೆ ಎಂಬುದಲ್ಲ, ನಿಜವಾಗಿ ಪರದೆಗೆ ಬಂದದ್ದು ಯಾವ ಫಾಂಟ್ ಎಂಬುದು ಅಲ್ಲಿ ತಿಳಿಯುತ್ತದೆ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಅಥವಾ ತುಂಗಾ, ಐಫೋನ್‌ನಲ್ಲಿ ಕನ್ನಡ ಸಂಗಮ್ ಎಂಎನ್, ಆಂಡ್ರಾಯ್ಡ್‌ನಲ್ಲಿ ನೋಟೊ ಎಂದು ಬೇರೆ ಬೇರೆ ಕಂಡರೆ, ನೀವು ಆರಿಸಿದ ಫಾಂಟಿನಲ್ಲಿ ಕನ್ನಡವೇ ಇಲ್ಲ, ಇಲ್ಲವೇ ಆ ಫಾಂಟ್ ಪುಟಕ್ಕೆ ಬಂದೇ ಇಲ್ಲ. ಬ್ರೌಸರ್ ತನ್ನ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡಿದೆ. ನೋಟೊ ಸೆರಿಫ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡ, ತಿರೋ ಕನ್ನಡದಂಥ ಮುಕ್ತ ಫಾಂಟ್‌ಗಳಲ್ಲಿ ಒಂದನ್ನು ಪಠ್ಯಕ್ಕೆ ಹೆಸರು ಹೇಳಿ ಜೋಡಿಸಿ. ಬಾಲೂ ತಮ್ಮದಂಥ ದಪ್ಪ ಅಲಂಕಾರದ ಅಕ್ಷರ ಶೀರ್ಷಿಕೆಗೆ ಇರಲಿ. ಎಂಟು ಪುಟದ ಕಥೆಗೆ ಬೇಡ.

ಫಾಂಟಿನ ಗಾತ್ರ ಇಳಿಸಲೆಂದು ಅದನ್ನು ಕತ್ತರಿಸಿದ್ದರೆ ಎಚ್ಚರ. ಅಕ್ಷರಪಟ್ಟಿಯನ್ನು ಮಾತ್ರ ನೋಡಿ ಕತ್ತರಿಸುವ ಸಾಧನ ಒತ್ತಕ್ಷರಗಳ ಚಿತ್ರಗಳನ್ನೂ ಅವುಗಳನ್ನು ಜೋಡಿಸುವ ನಿಯಮಗಳನ್ನೂ ಬಿಟ್ಟುಬಿಡಬಹುದು. ಆಗ ‘ಸ್ತ್ರೀ’ ಎಂಬುದು ಸ್ ತ್ ರೀ ಎಂದು ಅಡ್ಡಕ್ಕೆ ಹರಡಿಕೊಳ್ಳುತ್ತದೆ.

ಉಲ್ಲೇಖ ಮತ್ತು ಅಡಿಬರಹ ವಾಲಿಕೊಂಡಿವೆಯೇ? ಕನ್ನಡದ ಪಠ್ಯ ಫಾಂಟ್‌ಗಳಲ್ಲಿ ಇಟಾಲಿಕ್ ಎಂಬ ಪ್ರತ್ಯೇಕ ರೂಪ ಇರುವುದು ಅಪರೂಪ. ಥೀಮ್ ಇಟಾಲಿಕ್ ಕೇಳಿದಾಗ ಬ್ರೌಸರ್ ಇದ್ದ ಅಕ್ಷರವನ್ನೇ ಓರೆಯಾಗಿ ಎಳೆಯುತ್ತದೆ, ಒತ್ತು ತನ್ನ ಅಕ್ಷರದಿಂದ ಎಡಕ್ಕೆ ಜಾರಿದಂತೆ ಕಾಣುತ್ತದೆ. ಅದನ್ನು ನೇರ ಮಾಡಿ. ಬೇರೆಯಾಗಿ ತೋರಿಸಬೇಕಿದ್ದರೆ ಬಣ್ಣ ಅಥವಾ ಎಡಗಡೆಯ ಗೆರೆ ಸಾಕು. ದಪ್ಪಕ್ಷರದ ಕಥೆಯೂ ಇದೇ. 400ರ (ಸಾಮಾನ್ಯ ಅಕ್ಷರದ) ತೂಕ ಒಂದನ್ನೇ ತಂದು ಶೀರ್ಷಿಕೆಗೆ 700 (ದಪ್ಪ) ಕೇಳಿದರೆ ಬ್ರೌಸರ್ ಅಂಚಿಗೆ ಮಸಿ ಬಳಿದು ದಪ್ಪ ಮಾಡುತ್ತದೆ. ‘ಷ್ಟ್ರ’, ‘ಜ್ಞ’ಗಳ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. 700ರ ಕಡತವನ್ನೂ ಕೊಡಿ. ಸಿಎಸ್‌ಎಸ್‌ನ ಫಾಂಟ್-ಸಿಂಥೆಸಿಸ್ ಅನ್ನು ‘ನನ್’ (ಬೇಡ) ಮಾಡಿದರೆ ಈ ಎರಡು ಕೃತಕ ರೂಪಗಳೂ ಎಲ್ಲೆಲ್ಲಿ ನುಸುಳಿದ್ದವು ಎಂಬುದು ತಕ್ಷಣ ಗೊತ್ತಾಗುತ್ತದೆ. ಪತ್ತೆಗೆ ಇದು ತುಂಬ ಉಪಯುಕ್ತ.

ಶೀರ್ಷಿಕೆಯ ಅಕ್ಷರಗಳು ಒಂದರ ಮೇಲೊಂದು ಏರಿದಂತಿದ್ದರೆ ಲೆಟರ್-ಸ್ಪೇಸಿಂಗ್, ಅಂದರೆ ಅಕ್ಷರಗಳ ನಡುವಿನ ಅಂತರ, ನೋಡಿ. ಇಂಗ್ಲಿಷ್ ಥೀಮ್‌ಗಳಲ್ಲಿ ದೊಡ್ಡ ಶೀರ್ಷಿಕೆಗೆ ಋಣಾತ್ಮಕ ಅಂತರ ಕೊಟ್ಟಿರುತ್ತಾರೆ. ಕನ್ನಡಕ್ಕೆ ಅದು 0 ಇರಬೇಕು. ಹಿಗ್ಗಿಸುವುದೂ ಬೇಡ, ಪದ ಒಡೆದು ಬಿಡಿ ಅಕ್ಷರಗಳ ಸಾಲಾಗುತ್ತದೆ.

ಸಾಲು ಮತ್ತು ಅಂಕಣ

ಓದುಗರ ‘ಕಣ್ಣು ನೋವು’ ಇರುವುದು ಹೆಚ್ಚಾಗಿ ಇಲ್ಲಿ. ಫೋನಿನಲ್ಲಿ ಪರೀಕ್ಷಾ ಸಾಲು ಎರಡು ಸಾಲಾಗಿ ಮುರಿಯುವಂತೆ ಮಾಡಿ, ಮೇಲಿನ ಸಾಲಿನ ‘ಷ್ಟ್ರೀ’ಯ ಕೊನೆಯ ಒತ್ತಿಗೂ ಕೆಳಗಿನ ಸಾಲಿನ ‘ವೈ’, ‘ಕೃ’ಗಳ ತಲೆಗೂ ನಡುವೆ ಬಿಳಿ ಜಾಗ ಉಳಿದಿದೆಯೇ ನೋಡಿ. ತಾಗುತ್ತಿದ್ದರೆ ಲೈನ್-ಹೈಟ್ (ಸಾಲಿನ ಎತ್ತರ, ಅಕ್ಷರದ ಗಾತ್ರದ ಎಷ್ಟು ಪಟ್ಟು ಎಂಬ ಲೆಕ್ಕ) ಸಾಲದು. ಪಠ್ಯಕ್ಕೆ 1.6ರಿಂದ 1.8, ಶೀರ್ಷಿಕೆಗೆ 1.35ರಿಂದ 1.5 ಇರಲಿ. ಇಂಗ್ಲಿಷ್ ಶೀರ್ಷಿಕೆಗೆಂದು ಕೊಟ್ಟ 1.1, 1.2 ಕನ್ನಡಕ್ಕೆ ಸಾಲುವುದೇ ಇಲ್ಲ. ಅಳತೆಯನ್ನು ಪಿಕ್ಸೆಲ್‌ನಲ್ಲಿ ಬರೆಯದೆ ಬರಿಯ ಸಂಖ್ಯೆಯಾಗಿ ಬರೆಯಿರಿ. ಓದುಗರು ಅಕ್ಷರ ಹಿಗ್ಗಿಸಿದಾಗ ಸಾಲಿನ ಅಂತರವೂ ಜತೆಗೇ ಹಿಗ್ಗಬೇಕು.

ಪಠ್ಯದ ಗಾತ್ರ ಫೋನಿನಲ್ಲಿ 18 ಪಿಕ್ಸೆಲ್‌ಗಿಂತ ಕಡಿಮೆ ಬೇಡ, ಕಂಪ್ಯೂಟರಿನಲ್ಲಿ 19–20. ಒತ್ತಕ್ಷರ ಮೂಲ ಅಕ್ಷರಕ್ಕಿಂತ ಸಾಕಷ್ಟು ಚಿಕ್ಕದಾಗಿ ಬರುವುದರಿಂದ 12 ಪಿಕ್ಸೆಲ್‌ನ ಅಡಿಬರಹದಲ್ಲಿ ‘ತ’ವತ್ತೋ ‘ನ’ವತ್ತೋ ಗುರುತಿಸಲು ಆಗುವುದಿಲ್ಲ. ಅಡಿಬರಹಕ್ಕೂ ಲೇಖಕರ ಹೆಸರಿಗೂ 15 ಇರಲಿ.

ಬಣ್ಣದ ವಿಷಯ ಚುಟುಕಾಗಿ: ಡಬ್ಲ್ಯುಸಿಎಜಿ (ಎಲ್ಲರಿಗೂ ಓದಲಾಗುವಂತೆ ತಾಣ ರೂಪಿಸುವ ಅಂತರರಾಷ್ಟ್ರೀಯ) ಮಾನದಂಡದ ಎಎ ಮಟ್ಟಕ್ಕೆ ಸಾಮಾನ್ಯ ಪಠ್ಯ ಮತ್ತು ಹಿನ್ನೆಲೆಯ ವ್ಯತ್ಯಾಸ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1. ಬಿಳಿಯ ಮೇಲೆ 999999 ಎಂಬ ಬಣ್ಣಸಂಕೇತದ ಬೂದು ಅಕ್ಷರ ಹಾಕಿದರೆ ಸಿಗುವುದು 2.85:1 ಮಾತ್ರ. 767676 ಹಾಕಿದರೆ 4.54:1, ಅಂದರೆ ಗಡಿ ದಾಟುತ್ತದೆ. ಕನ್ನಡದ ತೆಳು ಗೆರೆಗಳಿಗೆ ಅದೂ ಸಪ್ಪೆಯೇ. ಕಥೆಯ ಪಠ್ಯಕ್ಕೆ 333333 ಅಥವಾ 222222 ಇಡಿ.

ಪದಗಳ ನಡುವೆ ದೊಡ್ಡ ದೊಡ್ಡ ಬಿಳಿ ಕಂಡಿ ಕಾಣುತ್ತಿದ್ದರೆ ಎರಡೂ ಬದಿ ಸಮನಾಗಿ ಜೋಡಿಸಿದ್ದೀರಿ. ಮುದ್ರಿತ ಪತ್ರಿಕೆಯಲ್ಲಿ ಅದು ಚೆಂದ, ಏಕೆಂದರೆ ಅಲ್ಲಿ ಪುಟ ಕಟ್ಟುವವರು ಒಂದೊಂದು ಸಾಲನ್ನೂ ನೋಡಿ ಸರಿಪಡಿಸುತ್ತಾರೆ. 360 ಪಿಕ್ಸೆಲ್ ಪರದೆಯಲ್ಲಿ ಎರಡೂ ಬದಿ 16 ಬಿಟ್ಟರೆ ಉಳಿಯುವುದು 328. ಆ ಅಗಲಕ್ಕೆ ‘ಬರೆದುಕೊಟ್ಟಿದ್ದಾರಂತೆ’ ರೀತಿಯ ಪದಗಳು ಬಂದರೆ ಸಾಲಿಗೆ ಎರಡೋ ಮೂರೋ ಹಿಡಿಯುತ್ತವೆ. ಮಿಕ್ಕ ಜಾಗವೆಲ್ಲ ಕಂಡಿಯಾಗುತ್ತದೆ. ಎಡಕ್ಕೆ ಜೋಡಿಸಿ, ಬಲಬದಿ ಏರುಪೇರಾಗಿರಲಿ. ಕಂಡಿ ತಪ್ಪಿಸಲೆಂದು ವರ್ಡ್-ಬ್ರೇಕ್ ಅನ್ನು ‘ಬ್ರೇಕ್-ಆಲ್’ ಮಾಡಿರುವ ತಾಣಗಳೂ ಇವೆ. ಪದ ಎಲ್ಲೆಂದರಲ್ಲಿ ಮುರಿಯುತ್ತದೆ, ಓದುವವರು ಪ್ರತಿ ಸಾಲಿನಲ್ಲೂ ತಡವರಿಸುತ್ತಾರೆ. ಅದನ್ನು ತೆಗೆದು ಓವರ್‌ಫ್ಲೋ-ರ‍್ಯಾಪ್ ಬಳಸಿ. ಸಾಲಿಗೆ ಹಿಡಿಯದೇ ಹೋದಾಗ ಮಾತ್ರ ಅದು ಪದ ಮುರಿಯುತ್ತದೆ.

ಕಂಪ್ಯೂಟರಿನಲ್ಲಿ ಇದಕ್ಕೆ ವಿರುದ್ಧ ತೊಂದರೆ: ಸಾಲು ತೀರಾ ಉದ್ದ. ಅಂಕಣದ ಅಗಲ 640–700 ಪಿಕ್ಸೆಲ್‌ಗೆ ನಿಲ್ಲಲಿ. ಥೀಮ್‌ನಲ್ಲಿ ಅಗಲವನ್ನು ‘ಸಿಎಚ್’ ಮಾನದಲ್ಲಿ ಕೊಟ್ಟಿದ್ದರೆ ಬದಲಿಸಿ. ಅದು ಆ ಫಾಂಟಿನ ಇಂಗ್ಲಿಷ್ ಸೊನ್ನೆಯ ಅಗಲ, ಕನ್ನಡ ಅಕ್ಷರದ ಅಗಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಪಟ್ಟಿ, ಸಾರಾಂಶ, ಕೊಂಡಿ

ಮುಖಪುಟದ ಚೌಕಗಳು ಒಂದು ಉದ್ದ, ಒಂದು ಗಿಡ್ಡ ಆಗಿ ಹಲ್ಲುಬಿಟ್ಟಂತಿದ್ದರೆ ಸಾರಾಂಶದ ಅಳತೆ ನೋಡಿ. ವರ್ಡ್‌ಪ್ರೆಸ್ (ಬಹಳ ತಾಣಗಳು ನಡೆಯುವ ತಂತ್ರಾಂಶ) ತಾನಾಗಿಯೇ 55 ಪದ ತೆಗೆದುಕೊಳ್ಳುತ್ತದೆ. ವಿಭಕ್ತಿ, ಪ್ರತ್ಯಯ, ಕ್ರಿಯಾಪದ ಎಲ್ಲ ಅಂಟಿಕೊಂಡ ಕನ್ನಡದ 55 ಪದ ಇಂಗ್ಲಿಷಿನದಕ್ಕಿಂತ ಬಹಳ ಹೆಚ್ಚು ಜಾಗ ತಿನ್ನುತ್ತದೆ. 18–22 ಪದ ಸಾಕು. ಅದಕ್ಕಿಂತ ಮೇಲು, ಸಂಪಾದಕರೇ ಎರಡು ಸಾಲು ಬರೆಯುವುದು. ಯಾರೂ ಬರೆಯದ ಸಾರಾಂಶಕ್ಕೆ ಕವಿತೆಯ ಮೊದಲ ಸಾಲುಗಳು ಗದ್ಯವಾಗಿ ಅಂಟಿಕೊಂಡು ಬರುತ್ತವೆ; ಕವಿಗೆ ಅದು ಅನ್ಯಾಯ. ಅಕ್ಷರ ಎಣಿಸಿ ಕತ್ತರಿಸುವ ಕೋಡ್ ಇದ್ದರೆ ತೆಗೆದುಹಾಕಿ. ‘ಕ್ರಾಂತಿ’ಯಲ್ಲಿ ಕಣ್ಣಿಗೆ ಕಾಣುವುದು ಎರಡು ಅಕ್ಷರ, ಕಂಪ್ಯೂಟರಿಗೆ ಅದು ಏಳು ಸಂಕೇತ. ಎಣಿಕೆ ಎಲ್ಲಿ ಬೇಕಾದರೂ ನಿಲ್ಲಬಹುದು. ಯಾವಾಗಲೂ ಪದಗಳ ನಡುವಿನ ಖಾಲಿ ಜಾಗದಲ್ಲೇ ಕತ್ತರಿಸಿ.

ಶೀರ್ಷಿಕೆಯನ್ನು ಎರಡು ಸಾಲಿಗೆ ಮಿತಿಗೊಳಿಸಿದ ಚೌಕದಲ್ಲಿ ಎರಡನೆಯ ಸಾಲಿನ ಒತ್ತು ಕತ್ತರಿಸಿ ಹೋಗುವುದು ಇನ್ನೊಂದು ಸಾಮಾನ್ಯ ದೋಷ. ಕೆಳಗೆ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಟ್ಟರೆ ಸರಿಯಾಗುತ್ತದೆ ಎನಿಸುತ್ತದೆ, ಆದರೆ ಆ ಕಂಡಿಯಲ್ಲಿ ಮೂರನೆಯ ಸಾಲಿನ ತಲೆ ಇಣುಕುತ್ತದೆ. ಲೈನ್-ಹೈಟ್ ಹೆಚ್ಚಿಸುವುದೇ ಸರಿಯಾದ ದಾರಿ.

ಕೊಂಡಿಯ ವಿಳಾಸ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ವಿಳಾಸ ಮಾಡುತ್ತದೆ. ಕನ್ನಡದ ಒಂದೊಂದು ಸಂಕೇತವೂ ಅಲ್ಲಿ ಶೇಕಡಾ ಚಿಹ್ನೆಗಳೊಂದಿಗೆ 9 ಅಕ್ಷರವಾಗುತ್ತದೆ, ಒಟ್ಟು ಮಿತಿ 200. ಅಂದರೆ 22 ಸಂಕೇತಕ್ಕೇ ವಿಳಾಸ ಮುಗಿಯಿತು, ಹೆಚ್ಚೆಂದರೆ ಮೂರು–ನಾಲ್ಕು ಪದ. ಧಾರಾವಾಹಿಗೆ ಇದರಿಂದ ಆಗುವ ತೊಂದರೆ ದೊಡ್ಡದು. ಕಾದಂಬರಿಯ ಹೆಸರು ಮೊದಲು, ಕಂತಿನ ಸಂಖ್ಯೆ ಕೊನೆಗೆ ಇದ್ದರೆ ಸಂಖ್ಯೆಯೇ ಕತ್ತರಿಸಿಹೋಗುತ್ತದೆ. ಎಲ್ಲ ಕಂತುಗಳ ವಿಳಾಸವೂ ಒಂದೇ ಆಗಿ, ತಾಣ ಅದಕ್ಕೆ ತನ್ನದೇ 2, 3 ಅಂಟಿಸುತ್ತದೆ. ಆ ಅಂಕಿ ಪ್ರಕಟಣೆಗೆ ಹಾಕಿದ ಕ್ರಮದ್ದು, ಕಂತಿನದಲ್ಲ. ಏಳನೆಯ ಕಂತಿನ ವಿಳಾಸದಲ್ಲಿ 5 ಇದ್ದರೂ ಇರಬಹುದು. ಪ್ರತಿ ಲೇಖನಕ್ಕೂ ಚಿಕ್ಕದೊಂದು ರೋಮನ್ ಲಿಪಿಯ ವಿಳಾಸವನ್ನು ಕೈಯಾರೆ ಕೊಡಿ. ಹಳೆಯ ವಿಳಾಸಗಳಿಂದ ಹೊಸದಕ್ಕೆ ಶಾಶ್ವತ ಮರುನಿರ್ದೇಶನ, ಅಂದರೆ 301, ಹಾಕುವುದನ್ನು ಮರೆಯಬೇಡಿ.

ಓದುಗರಲ್ಲಿ ಬಹಳಷ್ಟು ಜನ ವಾಟ್ಸ್ಆ್ಯಪ್ ಕೊಂಡಿಯಿಂದಲೇ ಬರುವವರು. ಹಂಚಿದಾಗ ಚಿತ್ರ, ಶೀರ್ಷಿಕೆ, ಲೇಖಕರ ಹೆಸರು ಕಾಣುತ್ತವೆಯೇ ಎಂದು ನಿಮಗೆ ನೀವೇ ಕಳಿಸಿ ನೋಡಿ. ಚಿತ್ರ 1200×630 ಪಿಕ್ಸೆಲ್ ಇದ್ದರೆ ಸರಿ.

ಕವಿತೆ, ಧಾರಾವಾಹಿ, ಹಳೆಯ ಸಂಚಿಕೆ

ಸುದ್ದಿತಾಣಕ್ಕೆಂದು ಮಾಡಿದ ಥೀಮ್ ಸಾಹಿತ್ಯ ಪತ್ರಿಕೆಗೆ ಕೈಕೊಡುವುದು ಇಲ್ಲಿ. ಕವಿತೆಯ ಸಾಲು ಫೋನಿನ ಅಗಲಕ್ಕೆ ಹಿಡಿಯದೆ ಮುರಿದಾಗ, ಅದು ಕವಿ ಮುರಿದ ಸಾಲೋ ಪರದೆ ಮುರಿದ ಸಾಲೋ ಎಂದು ಓದುಗರಿಗೆ ತಿಳಿಯಬೇಕು. ಪ್ರತಿ ಸಾಲಿಗೂ ಎಡಗಡೆ 1.5 ಎಂ (ಒಂದು ಎಂ ಎಂದರೆ ಆ ಅಕ್ಷರದ ಗಾತ್ರದಷ್ಟು) ಪ್ಯಾಡಿಂಗ್ ಕೊಟ್ಟು, ಟೆಕ್ಸ್ಟ್-ಇಂಡೆಂಟ್ ಅನ್ನು ಋಣ 1.5 ಎಂ ಮಾಡಿ. ಕವಿಯ ಸಾಲು ಅಂಚಿನಿಂದ ಶುರುವಾಗುತ್ತದೆ, ಪರದೆ ಮುರಿದ ಭಾಗ ಒಳಸರಿದು ನಿಲ್ಲುತ್ತದೆ. ವರ್ಡ್‌ಪ್ರೆಸ್‌ನ ‘ವರ್ಸ್’ ಬ್ಲಾಕ್ ಬಳಸುತ್ತಿದ್ದರೆ ಅದರ ಫಾಂಟ್ ಪರೀಕ್ಷಿಸಿ. ಕೆಲವು ಥೀಮ್‌ಗಳು ಅದಕ್ಕೆ ಕೋಡ್ ಬರೆಯುವ ಸಮಅಗಲದ ಫಾಂಟ್ ಹಾಕುತ್ತವೆ; ಅದರಲ್ಲಿ ಕನ್ನಡ ಇಲ್ಲದ್ದರಿಂದ ಕವಿತೆ ಮಾತ್ರ ಬೇರೆ ಅಕ್ಷರದಲ್ಲಿ ಬರುತ್ತದೆ. ಕವಿತೆಯನ್ನು ಚಿತ್ರವಾಗಿ ಹಾಕಿದ್ದರೆ ದಯವಿಟ್ಟು ತೆಗೆಯಿರಿ. ಅದನ್ನು ಹಿಗ್ಗಿಸಿದರೆ ಮಸುಕಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಅಲ್ಲಿ ಏನೂ ಇಲ್ಲ. ಪುಟದ ಭಾಷೆಯನ್ನು ಎಚ್‌ಟಿಎಂಎಲ್‌ನಲ್ಲಿ ಕನ್ನಡ ಎಂದು ಘೋಷಿಸಿದೆಯೇ ಎಂಬುದನ್ನೂ ನೋಡಿ. ಇಂಗ್ಲಿಷ್ ಎಂದಿದ್ದರೆ ಟಾಕ್‌ಬ್ಯಾಕ್‌ನಂಥ ಪರದೆ ಓದುಗ ತಂತ್ರಾಂಶ ಕನ್ನಡವನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೋಗಿ ತೊದಲಬಹುದು, ಇಲ್ಲವೇ ಬಿಟ್ಟೇ ಹೋಗಬಹುದು.

ಧಾರಾವಾಹಿಯ ಪ್ರತಿ ಕಂತಿನ ಕೊನೆಯಲ್ಲಿ ಹಿಂದಿನ ಕಂತು, ಮುಂದಿನ ಕಂತು, ಎಲ್ಲ ಕಂತುಗಳು ಎಂಬ ಮೂರು ಕೊಂಡಿ ಇರಬೇಕು. ಥೀಮ್ ತಾನಾಗಿ ತೋರಿಸುವ ‘ಮುಂದಿನ ಲೇಖನ’ ದಿನಾಂಕದ ಪ್ರಕಾರ ಬರುತ್ತದೆ. ಕಾದಂಬರಿಯ ಎಂಟನೆಯ ಕಂತು ಓದಿ ಮುಗಿಸಿದವರನ್ನು ಅದು ಅಡುಗೆ ಅಂಕಣಕ್ಕೆ ಕರೆದೊಯ್ಯಬಹುದು. ಸಂಚಿಕೆಗಳು ತಿಂಗಳು–ವರ್ಷದ ಪ್ರಕಾರ ಮುಖಚಿತ್ರದೊಂದಿಗೆ ಸಿಗಲಿ. ದೀಪಾವಳಿ, ಯುಗಾದಿ ವಿಶೇಷಾಂಕಗಳನ್ನು ಜನ ಹೆಸರಿನಿಂದಲೇ ಹುಡುಕುತ್ತಾರೆ, ಅವಕ್ಕೆ ಪ್ರತ್ಯೇಕ ಪುಟ ಬೇಕು. ಪುಟ ಮಗುಚುವ ಪಿಡಿಎಫ್ ಒಂದನ್ನೇ ಕೊಟ್ಟು ಸುಮ್ಮನಾಗಬೇಡಿ. ಮೂರು ಅಂಕಣದ ಮುದ್ರಿತ ಪುಟವನ್ನು ಫೋನಿನಲ್ಲಿ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಎಳೆದು ಓದುವುದು ಶಿಕ್ಷೆ.

ಪುಟ ಜಿಗಿಯುತ್ತಿದೆ, ತಡವಾಗುತ್ತಿದೆ

ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ (ಪುಟದ ವೇಗ ಅಳೆಯುವ ಗೂಗಲ್ ಸಾಧನ) ಲೇಖನದ ಪುಟ ಹಾಕಿ. ಬರಿಯ ಮುಖಪುಟ ಸಾಲದು. ಗೂಗಲ್ ಇಟ್ಟಿರುವ ಗಡಿ: ದೊಡ್ಡ ಭಾಗ ಕಾಣಿಸಿಕೊಳ್ಳುವ ಎಲ್‌ಸಿಪಿ 2.5 ಸೆಕೆಂಡಿನೊಳಗೆ, ಒತ್ತಿದ್ದಕ್ಕೆ ಸ್ಪಂದಿಸುವ ಐಎನ್‌ಪಿ 200 ಮಿಲಿಸೆಕೆಂಡಿನೊಳಗೆ, ಜಿಗಿತದ ಅಳತೆ ಸಿಎಲ್‌ಎಸ್ 0.1ರೊಳಗೆ. ಇವನ್ನು ನಿಜವಾದ ಓದುಗರ 28 ದಿನಗಳ ಭೇಟಿಗಳಿಂದ ಲೆಕ್ಕ ಹಾಕುವುದರಿಂದ, ಇವತ್ತು ಮಾಡಿದ ತಿದ್ದುಪಡಿ ಅಂಕಿಯಲ್ಲಿ ಪೂರ್ತಿ ಕಾಣಲು ಒಂದು ತಿಂಗಳು ಬೇಕು.

ಎಲ್‌ಸಿಪಿ ಕೆಟ್ಟಿದ್ದರೆ ಲೇಖನದ ಮೇಲಿನ ದೊಡ್ಡ ಚಿತ್ರವನ್ನು ನೋಡಿ. ‘ಲೇಜಿ ಲೋಡಿಂಗ್’ (ಪರದೆಗೆ ಹತ್ತಿರ ಬಂದಾಗಲೇ ಚಿತ್ರ ತರುವ ವ್ಯವಸ್ಥೆ) ಎಲ್ಲ ಚಿತ್ರಕ್ಕೂ ಹಾಕಿದ್ದರೆ ಮೊದಲ ಚಿತ್ರವೂ ಕಾಯುತ್ತಾ ಕೂರುತ್ತದೆ. ಅದಕ್ಕೆ ಮಾತ್ರ ತೆಗೆಯಿರಿ. ಛಾಯಾಗ್ರಾಹಕರು ಕಳಿಸಿದ 5 ಎಂಬಿ ಚಿತ್ರವನ್ನು ಹಾಗೆಯೇ ಏರಿಸಿದ್ದರೆ ವೆಬ್‌ಪಿ ರೂಪಕ್ಕೆ ತಂದು, ಫೋನಿಗೆ 720–800 ಪಿಕ್ಸೆಲ್ ಅಗಲದ ಪ್ರತಿ ಕೊಡಿ.

ಓದುತ್ತಿದ್ದ ಸಾಲು ಇದ್ದಕ್ಕಿದ್ದಂತೆ ಕೆಳಗೆ ಜಿಗಿಯುವುದಕ್ಕೆ ಮೂರು ಕಾರಣ. ಚಿತ್ರಕ್ಕೆ ಅಗಲ–ಎತ್ತರ ಬರೆಯದಿರುವುದು. ಜಾಹೀರಾತಿಗೆ ಮೊದಲೇ ಜಾಗ ಕಾಯ್ದಿರಿಸದಿರುವುದು (300×250ರ ಜಾಹೀರಾತಿಗೆ 250 ಪಿಕ್ಸೆಲ್ ಎತ್ತರ ಮೊದಲೇ ಬಿಡಿ). ಮತ್ತು ಕನ್ನಡ ಫಾಂಟ್ ತಡವಾಗಿ ಬಂದು ಫೋನಿನ ಫಾಂಟನ್ನು ಸ್ಥಾನಪಲ್ಲಟ ಮಾಡುವುದು. ಕನ್ನಡದಲ್ಲಿ ಈ ಮೂರನೆಯದು ಹೆಚ್ಚು ಬಾಧಿಸುತ್ತದೆ, ಏಕೆಂದರೆ ಎರಡು ಫಾಂಟ್‌ಗಳ ಅಕ್ಷರದ ಅಗಲ ತುಸು ಬೇರೆಯಾದರೂ ಉದ್ದ ಪದಗಳು ಬೇರೆ ಕಡೆ ಮುರಿದು ಪ್ಯಾರಾಕ್ಕೆ ಒಂದೆರಡು ಸಾಲು ಹೆಚ್ಚುಕಡಿಮೆ ಆಗುತ್ತದೆ. ಪಠ್ಯದ ಫಾಂಟ್ ಕಡತವನ್ನು ಪ್ರೀಲೋಡ್ ಮಾಡಿ (ಮೊದಲೇ ತರಿಸಿ), ತಾತ್ಕಾಲಿಕ ಫಾಂಟಿಗೆ ಸೈಜ್-ಅಡ್ಜಸ್ಟ್ ಕೊಟ್ಟು ಅಗಲ ಹೊಂದಿಸಿ.

ಪರದೆಗೆ ಅಂಟಿಕೊಂಡು ನಿಲ್ಲುವ ಪಟ್ಟಿಗಳ ಲೆಕ್ಕ ಒಮ್ಮೆ ಹಾಕಿ ನೋಡಿ. 640 ಪಿಕ್ಸೆಲ್ ಎತ್ತರದ ಪರದೆ. ಫೋನಿನ ಮೇಲ್ಪಟ್ಟಿ 24, ಬ್ರೌಸರಿನದು 56, ಪತ್ರಿಕೆಯ ಹೆಸರಿನ ಪಟ್ಟಿ 64, ಹಂಚಿಕೆ ಗುಂಡಿಗಳು 48, ಕೆಳಗಿನ ಜಾಹೀರಾತು 100. ಉಳಿದದ್ದು 348. ಹದಿನೆಂಟರ ಅಕ್ಷರ, 1.7ರ ಅಂತರ ಎಂದರೆ ಸಾಲಿಗೆ 30.6 ಪಿಕ್ಸೆಲ್, ಕಣ್ಣೆದುರು ಹನ್ನೊಂದು ಸಾಲು. ಹೆಸರಿನ ಪಟ್ಟಿಯನ್ನು ಕೆಳಗೆ ಸರಿಸುವಾಗ ಅಡಗಿಸಿ, ಹಂಚಿಕೆ ಗುಂಡಿಗಳನ್ನು ಲೇಖನದ ಕೊನೆಗೆ ಒಯ್ಯಿರಿ, ಮೂರು ಸಾಲಿಗಿಂತ ಹೆಚ್ಚು ವಾಪಸ್ ಸಿಗುತ್ತದೆ.

ಓದುಗರನ್ನು ಕೂರಿಸಿ ನೋಡುವುದು

ಇಷ್ಟೆಲ್ಲ ಆದ ಮೇಲೂ ದೂರು ಉಳಿದರೆ ಅದು ದಾರಿ ಸಿಗದ ದೂರು. ಅದನ್ನು ಯಾವ ಸಾಧನವೂ ಹೇಳಲಾರದು, ಮನುಷ್ಯರೇ ಬೇಕು. ಐದು ಜನ ಸಾಕು ಎಂಬುದು ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಮಂಡಿಸಿದ ವಾದ. ಸಣ್ಣ ಪತ್ರಿಕೆಗೆ ಅದು ಹೊಂದುತ್ತದೆ. ಐವರಲ್ಲಿ ಇಬ್ಬರಾದರೂ 60 ದಾಟಿದವರಿರಲಿ. ಅವರವರ ಫೋನಿನಲ್ಲೇ, ಅವರಿಟ್ಟುಕೊಂಡ ಅಕ್ಷರದ ಗಾತ್ರದಲ್ಲೇ ನೋಡಲಿ.

ಕೊಡುವ ಕೆಲಸಗಳು ಹೀಗಿರಲಿ: ಕಳೆದ ದೀಪಾವಳಿ ವಿಶೇಷಾಂಕದ ಒಂದು ಕಥೆ ತೆರೆಯಿರಿ. ಈ ಧಾರಾವಾಹಿಯ ಮೊದಲ ಕಂತು ಹುಡುಕಿ. ಇದೇ ಲೇಖಕಿಯ ಬೇರೊಂದು ಬರಹ ತೋರಿಸಿ. ಓದಿದ್ದನ್ನು ಗೆಳೆಯರಿಗೆ ಕಳಿಸಿ. ವಾರ್ಷಿಕ ಚಂದಾ ಎಷ್ಟು, ಹೇಗೆ ಕಟ್ಟುವುದು ಹೇಳಿ. ಕೆಲಸ ಹೇಳಿದ ಮೇಲೆ ಸುಮ್ಮನಿರಿ. ‘ಅಲ್ಲಿ ಮೇಲೆ ಮೂರು ಗೆರೆ ಇದೆಯಲ್ಲಾ’ ಎಂದ ಕೂಡಲೇ ಆ ಪರೀಕ್ಷೆ ಮುಗಿದಂತೆ. ಕೇಳಿದರೆ ‘ಚೆನ್ನಾಗಿದೆ ಸರ್’ ಎನ್ನುವುದು ನಮ್ಮಲ್ಲಿ ಸೌಜನ್ಯ, ಹಾಗಾಗಿ ಅಭಿಪ್ರಾಯ ಕೇಳುವುದಕ್ಕಿಂತ ಬೆರಳು ಮೊದಲು ಎಲ್ಲಿ ಹೋಯಿತು, ಎಷ್ಟು ಸಲ ಹಿಂದಕ್ಕೆ ಬಂದರು ಎಂಬುದನ್ನು ಬರೆದುಕೊಳ್ಳಿ. ಮೂರು ಗೆರೆಯ ಮೆನು ಯಾರ ಕಣ್ಣಿಗೂ ಬೀಳದಿದ್ದರೆ ಪಕ್ಕದಲ್ಲಿ ‘ವಿಭಾಗಗಳು’ ಎಂದು ಬರೆದುಬಿಡಿ. ಎರಡು ಕೊಂಡಿಗಳ ನಡುವೆ ಬೆರಳು ತಪ್ಪುತ್ತಿದ್ದರೆ ಒತ್ತುವ ಜಾಗ ಚಿಕ್ಕದು. ಡಬ್ಲ್ಯುಸಿಎಜಿ 2.2ರ ಎಎ ಮಟ್ಟ ಕೇಳುವುದು ಕನಿಷ್ಠ 24×24 ಪಿಕ್ಸೆಲ್, ಆದರೆ 44×44 ಇಟ್ಟರೆ ವಯಸ್ಸಾದವರ ಬೆರಳಿಗೂ ಸಲೀಸು.

ಸಿಕ್ಕಿದ ದೋಷಗಳಿಗೆ ತೀವ್ರತೆಯ ಅಂಕ ಕೊಡಿ, 0ಯಿಂದ 4: ದೋಷವೇ ಅಲ್ಲ, ಅಲಂಕಾರದ್ದು, ಸಣ್ಣದು, ದೊಡ್ಡದು, ಓದಲೇ ಆಗದಂಥದ್ದು. ನಾಲ್ಕು ಮತ್ತು ಮೂರನ್ನು ಮೊದಲು ತಿದ್ದಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ ಮಾಡಿ, ಪರೀಕ್ಷಾ ಸಾಲಿರುವ ಕರಡನ್ನು ಮೂರೂ ಸಾಧನದಲ್ಲಿ ಮತ್ತೆ ತೆರೆದು ನೋಡಿ. ಐದು ಬದಲಾವಣೆ ಒಟ್ಟಿಗೆ ಮಾಡಿದರೆ ಹೊಸ ದೋಷ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ತಿದ್ದಿದ ಮೇಲೂ ಓದುಗರು ‘ಹಾಗೇ ಇದೆ’ ಎಂದರೆ ಗಾಬರಿ ಬೇಡ. ಅವರ ಫೋನಿನಲ್ಲಿ ಹಳೆಯ ಸಿಎಸ್‌ಎಸ್ ಉಳಿದಿರುತ್ತದೆ. ಕಡತದ ಹೆಸರಿನ ಕೊನೆಗೆ ಆವೃತ್ತಿ ಸಂಖ್ಯೆ ಬದಲಿಸಿ, ತಾಣದ ಕ್ಯಾಷ್ (ಪುಟದ ಪ್ರತಿ ಕೂಡಿಟ್ಟುಕೊಳ್ಳುವ) ಪ್ಲಗಿನ್ ಖಾಲಿ ಮಾಡಿ, ಸಿಡಿಎನ್ (ಕಡತಗಳ ಪ್ರತಿಯನ್ನು ಬೇರೆ ಬೇರೆ ಊರಿನ ಸರ್ವರ್‌ಗಳಿಂದ ಕೊಡುವ ಸೇವೆ) ಇದ್ದರೆ ಅದನ್ನೂ ಖಾಲಿ ಮಾಡಿ. ಈ ಮೂರೂ ಆದ ಮೇಲೆ ಖಾಸಗಿ ಕಿಂಡಿಯಲ್ಲಿ ಪುಟ ತೆರೆದು ‘ರೆಂಡರ್ಡ್ ಫಾಂಟ್ಸ್’ ಮತ್ತೊಮ್ಮೆ ನೋಡಿ.